ಕಲ್ಲುಣ್ಣುವ ಜನರ ನಾಡಿನಲ್ಲಿ

ಭೂಪಟವನ್ನು ಎಷ್ಟು ಬಿಡಿಸಿ ನೋಡಿದರೂ ಹೈರೂಲ್ ಎಂಬ ದೇಶವು ಅದರಲ್ಲಿ ಸಿಕ್ಕುವುದಿಲ್ಲ. ಆದರೂ ಆ ದೇಶಕ್ಕೆ ಹೋಗಿ, ಅಲ್ಲಿನ ಕಾಡು ಬೆಟ್ಟಗಳನ್ನು ಸುತ್ತಿ, ಅಲ್ಲಿನ ಜನರೊಡನೆ ಮಾತನಾಡಿ ಬಂದವರು ಈ ಲೋಕದಲ್ಲಿ ಕೋಟಿಗಟ್ಟಲೆ ಇದ್ದಾರೆ. ಜಪಾನಿನ ಕ್ಯೋಟೋ ನಗರದ ನಿಂಟೆಂಡೊ ಸಂಸ್ಥೆಯವರು 1986ನೆಯ ಇಸವಿಯಲ್ಲಿ ಮೊದಲು ಹೊರತಂದ ‘ದ ಲೆಜೆಂಡ್ ಆಫ್ ಜೆಲ್ಡಾ’ ಎಂಬ ವಿಡಿಯೋ ಆಟದ ಕಲ್ಪಿತ ರಾಜ್ಯವೇ ಈ ಹೈರೂಲ್. ಅದನ್ನು ಕಲ್ಪಿಸಿದವರಲ್ಲಿ ಪ್ರಮುಖರಾದ ಶಿಗೆರು ಮಿಯಾಮೊಟೊ ಎಂಬವರು ಬಾಲ್ಯದಲ್ಲಿ ತಮ್ಮ ಊರಾದ ಸೊನೊಬೆಯ ಸುತ್ತಣ ಗುಡ್ಡಗಳಲ್ಲಿಯೂ ಗವಿಗಳಲ್ಲಿಯೂ ಅಲೆದಾಡಿದವರು. ಆ ಅಲೆದಾಟದಲ್ಲಿ ತಮಗೆ ಉಂಟಾದ ಬೆರಗನ್ನೇ ಆಟದೊಳಗೆ ತುಂಬಿದೆನೆಂದು ಅವರು ಹೇಳಿಕೊಂಡಿದ್ದಾರೆ. ಆದಕಾರಣ ಈ ಆಟವನ್ನು ಆಡುವುದೆಂದರೆ ಮುಖ್ಯವಾಗಿ ದೇಶಸಂಚಾರ ಮಾಡುವುದೆಂದೇ ಅರ್ಥ. ಲಿಂಕ್ ಎಂಬ ಮಿತಭಾಷಿಯಾದ ತರುಣನೊಬ್ಬನ ಕಾಲುಗಳಿಂದ ನಾವು ನಡೆಯುತ್ತೇವೆ. ಅವನ ಕಣ್ಣುಗಳಿಂದ ನೋಡುತ್ತೇವೆ.

ಮನೆಯ ಮಕ್ಕಳು ಓದು ಮುಗಿಸಿ ಸಂಜೆಯ ಹೊತ್ತು ಯಾವ ಬೀದಿಗೆ ಹೋಗುತ್ತಾರೆ, ಯಾರ ಸಹವಾಸ ಮಾಡುತ್ತಾರೆ ಎಂಬುದನ್ನು ಹಿರಿಯರು ವಿಚಾರಿಸಿಕೊಳ್ಳುವುದು ಹಿಂದಿನಿಂದಲೂ ನಡೆದುಬಂದ ವಾಡಿಕೆ. ಈಗ ಆ ಬೀದಿಯು ಕೆಲವು ವೇಳೆ ಗಾಜಿನ ಪರದೆಯ ಒಳಗೆ ಇರುವುದು. ಅಂಥ ಬೀದಿಗಳಲ್ಲಿ ಒಂದನ್ನು, ಅಲ್ಲಿ ನೆಲೆಸಿರುವ ಒಂದು ಜನಾಂಗವನ್ನು, ವಾಚಕರಿಗೆ ಪರಿಚಯ ಮಾಡಿಕೊಡುವುದೇ ಈ ಲೇಖನದ ಉದ್ದೇಶ. ಆ ಜನರ ಹೆಸರು ಗೋರಾನರು. ಅವರ ಮೈ ಬಂಡೆ. ಅವರ ಊಟ ಬಂಡೆ. ಅವರ ಊರು ಬೆಂಕಿಯುಗುಳುವ ಬೆಟ್ಟ. ಹೀಗಿದ್ದರೂ ಆ ರಾಜ್ಯದ ಜನರಲ್ಲೆಲ್ಲ ಸ್ನೇಹಕ್ಕೆ ಹೆಸರಾದವರು ಇವರೇ.

ಹೈರೂಲಿನ ಈಶಾನ್ಯ ಮೂಲೆಯಲ್ಲಿ ಎಲ್ಡಿನ್ ಎಂಬ ಸೀಮೆಯುಂಟು. ಅಲ್ಲಿ ಆಕಾಶಕ್ಕೆ ತಲೆಯೆತ್ತಿ ನಿಂತಿರುವ ಜ್ವಾಲಾಮುಖಿಗೆ ಡೆತ್ ಮೌಂಟನ್, ಎಂದರೆ ಮೃತ್ಯುಪರ್ವತ, ಎಂದು ಹೆಸರು. 1986ರ ಮೊದಲನೆಯ ಆಟದಲ್ಲಿಯೂ ಈ ಹೆಸರಿನ ಬೆಟ್ಟವಿದ್ದಿತು; ಆದರೆ ಆಗ ಅದು ಗ್ಯಾನನ್ ಎಂಬ ದುಷ್ಟನ ಅಡಗುದಾಣ ಮಾತ್ರ. ಹನ್ನೆರಡು ವರುಷಗಳ ತರುವಾಯ, 1998ರಲ್ಲಿ, ‘ಆಕರೀನಾ ಆಫ್ ಟೈಮ್’ ಎಂಬ ಆಟವು ಬಂದಾಗ ಮೃತ್ಯುಪರ್ವತಕ್ಕೆ ಒಕ್ಕಲು ಬಂದಿತು. ಹೆಸರು ಕೇಳಿದರೇ ಎದೆ ನಡುಗುವ ಜಾಗದಲ್ಲಿ ನಗುಮುಖದ ಸಂಸಾರಿಗಳನ್ನು ಇರಿಸಿದ್ದು ಆ ಕಲ್ಪಕರ ಜಾಣ್ಮೆಯೆಂದೇ ಹೇಳಬೇಕು.

ಈ ಬೆಟ್ಟವನ್ನು ಹತ್ತುವ ಕಷ್ಟವನ್ನು ಚೆನ್ನಾಗಿ ತಿಳಿಯಬೇಕಾದರೆ 2017ರಲ್ಲಿ ಪ್ರಕಟವಾದ ‘ಬ್ರೆತ್ ಆಫ್ ದ ವೈಲ್ಡ್’ ಎಂಬ ಆಟದಲ್ಲಿ ಪ್ರಯಾಣ ಮಾಡಬೇಕು. ಬೆಟ್ಟದ ಬುಡದಲ್ಲಿ ಕುದುರೆ ಕಟ್ಟುವ ಲಾಯವೂ ಮಲಗುವ ಮಂಚವೂ ಉಳ್ಳ ಒಂದು ತಂಗುದಾಣವಿದೆ. ನಮ್ಮ ಹಳೆಯ ದಾರಿಗಳ ಛತ್ರಗಳಂತೆ ಎನ್ನಬಹುದು. ಅಲ್ಲಿಂದ ಮುಂದೆ ಹೋಗುವವನು ಸಿದ್ಧತೆ ಮಾಡಿಕೊಂಡೇ ಹೊರಡತಕ್ಕದ್ದು. ಬೆಂಕಿ ತಾಗದಂತೆ ಕಾಯುವ ಕಷಾಯವೊಂದು ಛತ್ರದಲ್ಲಿಯೇ ಮಾರಾಟಕ್ಕಿರುವುದು. ಅದನ್ನು ಕುಡಿಯದೆ ಮೇಲೇರಿದರೆ ಸ್ವಲ್ಪ ದೂರದಲ್ಲಿಯೇ ಮೈಗೆ ಬೆಂಕಿ ಹತ್ತುವುದು. ಮರದ ಬಿಲ್ಲು, ಮರದ ಗುರಾಣಿಗಳು ಬೆನ್ನಿನ ಮೇಲೆಯೇ ಉರಿಯತೊಡಗುವುವು. ನೆಲದ ಮೇಲೆ ಒಂದು ಸೇಬನ್ನೋ ಅಣಬೆಯನ್ನೋ ಇಟ್ಟರೆ ಒಲೆಯಿಲ್ಲದೆ ಬೇಯುವುದು. ದಾರಿಯ ಇಕ್ಕೆಲಗಳಲ್ಲಿ ಕೆಂಪಾದ ಶಿಲಾರಸವು ತೊರೆಯಾಗಿ ಹರಿಯುತ್ತಿರುವುದು. ಆಗಾಗ ಶಿಖರದಿಂದ ಸಿಡಿದ ಕೆಂಡದ ಗುಂಡುಗಳು ಹಾರಿಬಂದು ದಾರಿಯ ಮೇಲೆ ಬೀಳುವುವು.

ಇಂಥ ಕಡೆಯಲ್ಲಿ ಪ್ರಯಾಣಿಕನಿಗೆ ಮೊದಲು ಭೇಟಿಯಾಗುವವರು ದಕ್ಷಿಣದ ಗಣಿಯಲ್ಲಿ ಕೆಲಸ ಮಾಡುವ ಗೋರಾನರು. ಅಲ್ಲೊಬ್ಬನು ಬೆಂಕಿಗೆ ಬೇಯದ ಒಂದು ಜಾತಿಯ ಹಲ್ಲಿಗಳನ್ನು ಹತ್ತು ಹಿಡಿದು ತಂದುಕೊಟ್ಟರೆ, ಅದಕ್ಕೆ ಪ್ರತಿಯಾಗಿ ತಾಪವನ್ನು ತಡೆಯುವ ಕವಚವೊಂದನ್ನು ಕೊಡುತ್ತಾನೆ. ಈ ಜನರಿಗೆ ಆ ಕವಚದ ಅಗತ್ಯವೇ ಇಲ್ಲ. ಅವರು ಶಿಲಾರಸದ ಪಕ್ಕದಲ್ಲಿ ಬರಿಮೈಯಲ್ಲಿ ಕುಳಿತು ಹರಟೆ ಹೊಡೆಯಬಲ್ಲರು. ಹಾಗಿದ್ದರೂ ಮೆದುಮೈಯ ಪರದೇಶಿಗಳು ಬಂದರೆ ಬೇಕಾದೀತೆಂದು ಅಂಥ ಕವಚವನ್ನು ತಮ್ಮೂರಿನ ಅಂಗಡಿಯಲ್ಲಿ ಮಾರಾಟಕ್ಕೆ ಇಟ್ಟುಕೊಂಡಿದ್ದಾರೆ. ತನಗೆ ಬೇಡದ ವಸ್ತುವನ್ನು ಬರುವವರಿಗಾಗಿ ಸಿದ್ಧವಿಟ್ಟಿರುವ ಊರು ಎಂಥದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಕೊನೆಗೆ ಗೋರಾನ್ ಪಟ್ಟಣವು ಕಾಣಬರುವುದು. ಬಂಡೆಯನ್ನು ಕೊರೆದ ಮನೆಗಳು, ಶಿಲಾರಸದ ಕಾಲುವೆಗಳ ಮೇಲೆ ಹಾಕಿದ ಲೋಹದ ಸೇತುವೆಗಳು, ಒಂದೆರಡು ಅಂಗಡಿಗಳು, ಒಂದು ವಸತಿಗೃಹ: ಇಷ್ಟೇ ಅದರ ವೈಭವ. ಊರಿನ ಹಿಂದಣ ಕಡಿದಾದ ಬೆಟ್ಟದಲ್ಲಿ ಅವರ ಪೂರ್ವವೀರನಾದ ದಾರುಕ್ ಎಂಬವನ ಮಹಾಪ್ರತಿಮೆಯನ್ನು ಕಡೆದಿದ್ದಾರೆ. ಗೋರಾನನ ಶರೀರವು ಬೃಹತ್ತಾದುದು. ಹೊಟ್ಟೆ ದುಂಡಗೆ, ತೋಳು ದಪ್ಪ, ಬೆನ್ನಿನ ಮೇಲೆ ಬಂಡೆಯ ಹೆಪ್ಪಳಿಕೆಗಳು. ಅವಸರದ ಕೆಲಸವಿದ್ದಾಗ ಅವನು ನಡೆಯುವುದಿಲ್ಲ. ಮೈಯನ್ನು ಮುದುಡಿ ಗುಂಡಾಗಿ ಉರುಳುತ್ತಾನೆ. ಜಪಾನೀ ಭಾಷೆಯಲ್ಲಿ ಭಾರವಾದ ವಸ್ತು ಉರುಳುವ ಸದ್ದಿಗೂ ಗುಡುಗಿಗೂ ‘ಗೊರೊ ಗೊರೊ’ ಎನ್ನುತ್ತಾರೆ. ನಮ್ಮಲ್ಲಿ ‘ಗುಡುಗುಡು’ ಎಂದಂತೆ. ಈ ಜನರು ಮಾತಿನ ಕೊನೆಗೆ ‘ಗೊರೊ’ ಎಂದು ಸೇರಿಸುವುದುಂಟು. ಒಬ್ಬರನ್ನೊಬ್ಬರು ಕರೆಯುವುದು ‘ಸೋದರ’ ಎಂದು. ಪರದೇಶಿಯೂ ಮೆಚ್ಚಿಗೆಯಾದರೆ ಅವನೂ ಸೋದರನೇ.

ಅವರ ಊಟದ ವಿಚಾರವನ್ನು ಹೇಳದಿದ್ದರೆ ಈ ವರ್ಣನೆ ಅಪೂರ್ಣವಾಗುವುದು. ಅವರು ಕಲ್ಲನ್ನು ಹಸಿವಿಗಾಗಿ ಮಾತ್ರವಲ್ಲದೆ ರುಚಿಗಾಗಿಯೂ ತಿನ್ನುತ್ತಾರೆ. ಯಾವ ಗಣಿಯ ಕಲ್ಲು ಸವಿ, ಯಾವುದು ಸಪ್ಪೆ ಎಂಬ ವಿಚಾರದಲ್ಲಿ ಅವರ ನಾಲಗೆ ನಮ್ಮ ಊಟದ ಪಂಕ್ತಿಯ ರಸಿಕರ ನಾಲಗೆಯಷ್ಟೇ ಸೂಕ್ಷ್ಮ. ಬಂಡೆಯ ಚೂರನ್ನು ಬೆಂಕಿಯಲ್ಲಿ ಹುರಿದು ಮಾಡುವ ‘ರಾಕ್ ರೋಸ್ಟ್’ ಅವರ ಪಾಲಿಗೆ ಹಬ್ಬದ ಅಡಿಗೆ. ಗಣಿಯಲ್ಲಿ ಸಿಕ್ಕುವ ಮಾಣಿಕ್ಯ, ನೀಲ, ವಜ್ರ ಮೊದಲಾದವನ್ನು ಹೊರಗಿನವರಿಗೆ ಮಾರುತ್ತಾರೆ. ಅಲ್ಲಿ ಚಲಾವಣೆಯಲ್ಲಿರುವ ನಾಣ್ಯಕ್ಕೆ ‘ರೂಪಿ’ ಎಂದು ಹೆಸರಿರುವುದು ಕನ್ನಡಿಗನ ಕಿವಿಗೆ ಹಿತವಾಗದಿರದು. ಆದರೆ ಆ ರೂಪಾಯಿ ಬೆಳ್ಳಿಯದೂ ಅಲ್ಲ, ಕಾಗದದ್ದೂ ಅಲ್ಲ, ಹೊಳೆಯುವ ಹರಳು.

ಇಷ್ಟು ಕಂಡ ಪ್ರಯಾಣಿಕನು, ಇವರು ಹುಟ್ಟು ಸ್ವಭಾವದಿಂದಲೇ ಸ್ನೇಹಪರರು, ಇವರ ಸ್ನೇಹವು ಬೆಟ್ಟದಂತೆ ಅಚಲ ಎಂದು ತಿಳಿದುಕೊಳ್ಳಬಹುದು. ಅದು ಪೂರ್ಣ ಸತ್ಯವಲ್ಲ. ಈ ಆಟಗಳನ್ನು ಒಂದರ ಮೇಲೊಂದರಂತೆ ನೋಡುತ್ತ ಬಂದರೆ, ಗೋರಾನರು ತಮ್ಮ ಸೌಜನ್ಯವನ್ನು ಕಳೆದುಕೊಂಡು ಬಾಗಿಲಿಕ್ಕಿಕೊಂಡ ಪ್ರಸಂಗಗಳು ಹಲವು ಕಾಣಸಿಗುತ್ತವೆ. ಆ ಬಾಗಿಲು ಮತ್ತೆ ಹೇಗೆ ತೆರೆಯಿತೆಂಬುದರಲ್ಲಿಯೇ ಈ ನಾಡಿನ ತಿರುಳು ಅಡಗಿರುವುದು.

ಮೊದಲನೆಯ ಪ್ರಸಂಗ ಹಸಿವಿನದು. 1998ರ ಆಟದಲ್ಲಿ ದಾರೂನಿಯಾ ಎಂಬವನು ಗೋರಾನರ ಮುಖಂಡ. ಡೊಡೊಂಗೊ ಎಂಬ ಮೃಗಗಳ ಗವಿಯಲ್ಲಿ ದೊರೆಯುವ ಕಲ್ಲೇ ಅವರಿಗೆ ಪರಮಾನ್ನ; ಆ ರುಚಿ ಹತ್ತಿದವರಿಗೆ ಬೇರೆ ಕಲ್ಲು ಸೇರದು. ಗ್ಯಾನನ್‌ಡಾರ್ಫ್ ಎಂಬ ದುರಾತ್ಮನು ಅವರ ಕುಲದ ಮಾಣಿಕ್ಯವನ್ನು ಕೇಳಿದನು, ಅವರು ಕೊಡಲಿಲ್ಲ. ಅವನು ಸಿಟ್ಟಿನಿಂದ ಗವಿಯ ಬಾಯಿಗೆ ಬಂಡೆಯನ್ನು ಜಡಿದು ಹೋದನು. ಊರೆಲ್ಲ ಹಸಿದು ಸೊರಗಿತು. ದಾರೂನಿಯಾ ತನ್ನ ಕೋಣೆಯ ಕದವಿಕ್ಕಿಕೊಂಡು ಕುಳಿತನು. ಹೈರೂಲಿನ ದೊರೆಯು ತನಗೆ ಸೋದರಸಮಾನನಾದುದರಿಂದ, ಅವನಿಂದ ದೂತನು ಬರುವನೆಂದು ಕಾದಿದ್ದನು. ಬಂದವನಾದರೋ ಪುಟ್ಟ ಬಾಲಕ ಲಿಂಕ್. ತನ್ನ ಮರ್ಯಾದೆ ಇಷ್ಟಕ್ಕೆ ಇಳಿಯಿತೇ ಎಂದು ಮುಖಂಡನು ಮುಖ ಸಿಂಡರಿಸಿದನು. ಬಾಲಕನು ವಾದ ಮಾಡಲಿಲ್ಲ, ಅಂಗಲಾಚಲೂ ಇಲ್ಲ. ಕಾಡಿನಲ್ಲಿ ತನ್ನ ಗೆಳತಿಯಿಂದ ಕಲಿತ ಒಂದು ಕುಣಿತದ ಮಟ್ಟನ್ನು ಕೊಳಲಿನಂಥ ತನ್ನ ವಾದ್ಯದಲ್ಲಿ ನುಡಿಸಿದನು. ಬೆಟ್ಟದಂಥ ಆ ದೇಹವು ತಡೆಯಲಾರದೆ ಕುಣಿಯತೊಡಗಿತು! ಮನಸ್ಸು ಹಗುರವಾದ ಮೇಲೆ ದಾರೂನಿಯಾ ಬಾಲಕನಿಗೆ ಭಾರ ಎತ್ತುವ ಶಕ್ತಿಯ ಕಡಗವನ್ನು ಕೊಟ್ಟನು. ಅದರ ಬಲದಿಂದ ಲಿಂಕನು ಸಿಡಿಯುವ ಹೂವೊಂದನ್ನು ಕಿತ್ತೆಸೆದು ಗವಿಯ ಬಂಡೆಯನ್ನು ಒಡೆದನು. ಒಳಹೊಕ್ಕು ಡೊಡೊಂಗೊಗಳ ರಾಜನನ್ನು ಕೊಂದನು. ಒತ್ತಾಯಕ್ಕೆ ಒಗ್ಗದ ಮಾಣಿಕ್ಯವು ಆಗ ತಾನಾಗಿಯೇ ಅವನ ಕೈಸೇರಿತು. ದಾರೂನಿಯಾ ಅವನನ್ನು ಸೋದರನೆಂದು ಸಾರಿದನು. ಉಳಿದ ಗೋರಾನರು ಆಲಿಂಗನಕ್ಕೆಂದು ತೋಳು ಚಾಚಿ ಬರಲು, ಹುಡುಗನು ಹೆದರಿ ಓಡಿದನೆಂಬುದು ಆ ಕಥೆಯ ವಿನೋದ.

ಏಳು ವರುಷಗಳ ಮೇಲೆ ಅದೇ ಲಿಂಕನು ತರುಣನಾಗಿ ಬಂದಾಗ ಪಟ್ಟಣವು ಹಾಳು ಸುರಿಯುತ್ತಿದ್ದಿತು. ಒಬ್ಬನೇ ಒಬ್ಬ ಗೋರಾನ್ ಬಾಲಕನು ಅಂಗಳದಲ್ಲೆಲ್ಲ ಹುಚ್ಚನಂತೆ ಉರುಳುತ್ತಿದ್ದನು. ಅವನನ್ನು ಹೇಗೋ ನಿಲ್ಲಿಸಿ ವಿಚಾರಿಸಲು, ಅವನು ದಾರೂನಿಯಾನ ಮಗ. ಅವನ ಹೆಸರೂ ಲಿಂಕ್! ಒಮ್ಮೆ ಬಂದುಹೋದ ಅತಿಥಿಯ ಹೆಸರನ್ನು ತಂದೆಯು ಮಗನಿಗೆ ಇಟ್ಟಿದ್ದನು. ಊರಿನ ಉಳಿದವರನ್ನು ಗ್ಯಾನನ್‌ಡಾರ್ಫನು ಅಗ್ನಿದೇಗುಲದಲ್ಲಿ ಸೆರೆಯಿಟ್ಟು, ವಾಲ್ವೇಜಿಯಾ ಎಂಬ ಸರ್ಪಕ್ಕೆ ಆಹಾರ ಮಾಡಬೇಕೆಂದಿದ್ದನು. ತನಗೆ ಎದುರಾದ ಜನರ ಗತಿ ಇದೆಂದು ಇತರರಿಗೆ ತೋರಿಸುವುದು ಅವನ ಉದ್ದೇಶ. ಲಿಂಕನು ಒಂದೊಂದೇ ಪಂಜರವನ್ನು ತೆರೆಯುತ್ತ ಹೋದುದೂ ಸರ್ಪವನ್ನು ಕೊಂದುದೂ ಆಟದ ಮುಂದಣ ಭಾಗ. ನಮ್ಮಲ್ಲಿಯೂ ಉಪಕಾರಿಯ ಹೆಸರನ್ನು ಮಕ್ಕಳಿಗೆ ಇಡುವ ಪದ್ಧತಿಯುಂಟು. ಹೆಸರು ಇಟ್ಟವರ ಕೃತಜ್ಞತೆಯು ಹೆಸರು ಕೊಟ್ಟವನನ್ನು ಮತ್ತೆ ಮನೆಗೆ ಎಳೆದು ತರುವುದೆಂಬುದನ್ನು ಈ ಕಥೆ ತಿಳಿಸುವುದು.

ಎರಡನೆಯ ಪ್ರಸಂಗ ದುಃಖದ್ದು. 2000ದ ‘ಮಜೋರಾಸ್ ಮಾಸ್ಕ್’ ಎಂಬ ಆಟದಲ್ಲಿ ಟರ್ಮಿನಾ ಎಂಬ ಬೇರೊಂದು ನಾಡಿನ ಗೋರಾನರನ್ನು ಕಾಣುತ್ತೇವೆ. ಅಲ್ಲಿ ಬೆಂಕಿಯಲ್ಲ, ಹಿಮ. ವಸಂತವು ಬರಬೇಕಾದ ಕಾಲದಲ್ಲಿಯೂ ಚಳಿ ಬಿಟ್ಟಿಲ್ಲ. ಅದನ್ನು ನಿಲ್ಲಿಸಲು ಹೋದ ದರ್ಮಾನಿ ಎಂಬ ವೀರನು ಸತ್ತು, ಊರನ್ನು ಬಿಡಲಾರದೆ ಪ್ರೇತವಾಗಿ ಅಲೆಯುತ್ತಿದ್ದಾನೆ. ಊರಿನ ಹಿರಿಯನು ದಾರಿಯಲ್ಲಿ ಹಿಮದಲ್ಲಿ ಹೆಪ್ಪುಗಟ್ಟಿದ್ದಾನೆ. ಅವನ ಎಳೆಯ ಮಗ ಎಡೆಬಿಡದೆ ಅಳುತ್ತಿದ್ದಾನೆ. ಆ ಅಳುವಿನಿಂದ ಊರಿಗೆ ನಿದ್ದೆಯಿಲ್ಲ. ಲಿಂಕನು ಶಮನರಾಗವನ್ನು ನುಡಿಸಿದಾಗ ದರ್ಮಾನಿಯ ಆತ್ಮವು ಶಾಂತವಾಗಿ ಒಂದು ಮುಖವಾಡವಾಗುವುದು. ಅದನ್ನು ಧರಿಸಿದರೆ ಲಿಂಕನೇ ಗೋರಾನನಾಗುವನು. ದರ್ಮಾನಿಯೇ ಮರಳಿ ಬಂದನೆಂದು ಊರವರು ಸಂತೋಷಪಡುವಾಗ ನೋಡುವವನ ಕಣ್ಣು ಒದ್ದೆಯಾಗುವುದು. ಹಿಮದಿಂದ ಬಿಡುಗಡೆ ಹೊಂದಿದ ಹಿರಿಯನು ಮಗುವಿಗೆ ತಾನು ಹಾಡುವ ಜೋಗುಳದ ಮೊದಲ ಭಾಗವನ್ನು ಮಾತ್ರ ನೆನಪಿನಿಂದ ಹೇಳಿಕೊಡುತ್ತಾನೆ. ಉಳಿದ ಭಾಗವನ್ನು ತುಂಬಿಕೊಡುವವನು ಆ ಮಗುವೇ. ಜೋಗುಳ ಮುಗಿಯುವಷ್ಟರಲ್ಲಿ ಮಗುವೂ ಸುತ್ತಲಿದ್ದ ಗೋರಾನರೂ ನಿದ್ದೆಹೋಗುತ್ತಾರೆ. ಮಕ್ಕಳನ್ನು ಮಲಗಿಸಿ ಬಲ್ಲ ತಾಯಂದಿರು ಈ ಭಾಗವನ್ನು ನೋಡಿದರೆ ನಗದಿರಲಾರರು.

ಮೂರನೆಯ ಪ್ರಸಂಗ ಲಜ್ಜೆಯದು. 2006ರ ‘ಟ್ವೈಲೈಟ್ ಪ್ರಿನ್ಸೆಸ್’ ಆಟದಲ್ಲಿ ಗೋರಾನರು ಬೆಟ್ಟದ ದಾರಿಯನ್ನೇ ಮುಚ್ಚಿದ್ದಾರೆ. ಬುಡದ ಕಾಕಾರಿಕೋ ಹಳ್ಳಿಯವರೊಡನೆ ಇದ್ದ ಹಳೆಯ ಗೆಳೆತನವೂ ಕಡಿದುಬಿದ್ದಿದೆ. ಮೇಲೇರಲು ಹೋದವನನ್ನು ಅವರು ಉರುಳಿಬಂದು ಕೆಳಗೆ ಕೆಡಹುತ್ತಾರೆ. ಕಾರಣವೇನೆಂದರೆ, ಅವರ ಮುಖಂಡನಾದ ಡಾರ್ಬಸ್ ಒಂದು ಮಾಯಾವಸ್ತುವನ್ನು ಮುಟ್ಟಿ ರಾಕ್ಷಸನಾಗಿದ್ದಾನೆ. ಅವನನ್ನು ತಾವೇ ಗಣಿಯಲ್ಲಿ ಕೂಡಿಹಾಕಿ, ಮನೆಯ ಗುಟ್ಟು ಹೊರಬೀಳಬಾರದೆಂದು ಬಾಗಿಲಿಕ್ಕಿಕೊಂಡಿದ್ದಾರೆ. ಇವರನ್ನು ಗೆಲ್ಲಬೇಕಾದರೆ ಇವರದೇ ಪದ್ಧತಿಯಂತೆ ಮಲ್ಲಯುದ್ಧದಲ್ಲಿ ಗೆಲ್ಲಬೇಕು. ಅದಕ್ಕಾಗಿ ಲಿಂಕನು ತನ್ನ ಹಳ್ಳಿಗೆ ಹಿಂದಿರುಗಿ, ಅಲ್ಲಿನ ಪಟೇಲನಿಂದ ಕುಸ್ತಿಯ ಪಟ್ಟುಗಳನ್ನು ಕಲಿಯುತ್ತಾನೆ. ಆ ಪಟೇಲನು ತನ್ನ ಗೆಲುವಿನ ಗುಟ್ಟಾದ ಕಬ್ಬಿಣದ ಪಾದರಕ್ಷೆಗಳನ್ನೂ ಕೊಡುತ್ತಾನೆ. ಇದನ್ನು ಉಪಾಯವೆನ್ನಬೇಕೋ ಕಪಟವೆನ್ನಬೇಕೋ ವಾಚಕರು ತೀರ್ಮಾನಿಸಲಿ. ಅಂತೂ ಕಣದಲ್ಲಿ ಸೋತ ಹಿರಿಯ ಗೋರಾನನು ಸಿಟ್ಟಾಗಲಿಲ್ಲ. ತಮ್ಮ ರೀತಿಯಲ್ಲಿ ತಮ್ಮೆದುರು ನಿಂತವನಿಗೆ ಮುಚ್ಚಿಟ್ಟ ಕಷ್ಟವನ್ನೆಲ್ಲ ಬಿಚ್ಚಿ ಹೇಳಿ, ಗಣಿಯ ದಾರಿಯನ್ನು ಬಿಟ್ಟುಕೊಟ್ಟನು.

ನಾಲ್ಕನೆಯದು ಭಯದ ಪ್ರಸಂಗ. 2017ರ ಆಟದಲ್ಲಿ ಯೂನೋಬೊ ಎಂಬ ತರುಣ ಗೋರಾನನಿದ್ದಾನೆ. ಬೆಟ್ಟದಲ್ಲಿ ಕಡೆದ ಪ್ರತಿಮೆಯ ವೀರ ದಾರುಕನ ವಂಶದವನು, ಆದರೆ ಅಂಜುಬುರುಕ. ನೂರು ವರುಷಗಳ ಹಿಂದೆ ದಾರುಕನು ರುಡೇನಿಯಾ ಎಂಬ ಹಲ್ಲಿಯಾಕಾರದ ಮಹಾಯಂತ್ರವನ್ನು ನಡೆಸುತ್ತಿದ್ದು, ಅದರೊಳಗೇ ಪ್ರಾಣಬಿಟ್ಟಿದ್ದನು. ಈಗ ಅದೇ ಯಂತ್ರವು ಶತ್ರುವಿನ ವಶವಾಗಿ ಶಿಖರದಲ್ಲಿ ಹರಿದಾಡುತ್ತ ಬೆಟ್ಟವನ್ನು ಕೆರಳಿಸುತ್ತಿದೆ. ಗಣಿಗಳು ನಿಂತಿವೆ. ಮುಖಂಡನಾದ ಬ್ಲೂಡೊ ಮುದುಕ, ಬೆನ್ನುನೋವಿನಿಂದ ಏಳಲಾರನು. ಅವನ ಔಷಧವನ್ನು ತರಲು ಹೋದ ಯೂನೋಬೊ ಗಣಿಯ ಉಗ್ರಾಣದಲ್ಲಿ ಸಿಕ್ಕಿಬಿದ್ದಿದ್ದಾನೆ. ಲಿಂಕನು ಅವನನ್ನು ಬಿಡಿಸಿ ಬೆಟ್ಟಕ್ಕೆ ಕರೆದೊಯ್ಯುತ್ತಾನೆ. ಅಲ್ಲಿ ಯೂನೋಬೊ ತನ್ನ ಮೈಯನ್ನೇ ಫಿರಂಗಿಯ ಗುಂಡಾಗಿ ಮಾಡಿಕೊಂಡು ಯಂತ್ರದ ಮೇಲೆ ಹಾರುವನು. ಅವನ ಅಂಜಿಕೆ ಹೋಯಿತೆಂದಲ್ಲ. ಅಂಜಿಕೆ ಇದ್ದಹಾಗೆಯೇ ಹಾರಿದನು. ದೊಡ್ಡವರ ಮನೆಯಲ್ಲಿ ಹುಟ್ಟಿ, ದೊಡ್ಡವರ ಪ್ರತಿಮೆಯ ನೆರಳಲ್ಲಿ ಬೆಳೆದು ಕುಗ್ಗಿಹೋಗುವ ಮಕ್ಕಳು ನಮ್ಮ ಮನೆಗಳಲ್ಲಿಯೂ ಇಲ್ಲದೆ ಇಲ್ಲ.

ಐದನೆಯ ಪ್ರಸಂಗ ಎಲ್ಲಕ್ಕಿಂತಲೂ ಸೂಕ್ಷ್ಮವಾದುದು, ಅದು ಲೋಲುಪತೆಯದು. 2023ರ ‘ಟಿಯರ್ಸ್ ಆಫ್ ದ ಕಿಂಗ್‌ಡಮ್’ ಆಟದಲ್ಲಿ ಮೃತ್ಯುಪರ್ವತವು ಬೆಂಕಿಯುಗುಳುವುದನ್ನು ನಿಲ್ಲಿಸಿದೆ. ಕವಚವಿಲ್ಲದೆ, ಕಷಾಯವಿಲ್ಲದೆ ಯಾರೂ ಊರಿಗೆ ಬರಬಹುದು. ದಾರಿ ಸುಲಭವಾಯಿತು, ಆದರೆ ಊರಿನಲ್ಲಿ ಸ್ವಾಗತಿಸುವವರಿಲ್ಲ. ಗಣಿಯಲ್ಲಿ ಹೊಸದಾಗಿ ದೊರೆತ, ಕೆಂಪು ಗೆರೆಗಳುಳ್ಳ ಒಂದು ಕಲ್ಲಿನ ರುಚಿಗೆ ಗೋರಾನರು ಮರುಳಾಗಿದ್ದಾರೆ. ಕೆಲಸವಿಲ್ಲ, ಮಾತಿಲ್ಲ, ಸಂತೋಷವಿಲ್ಲ. ಆ ಕಲ್ಲೊಂದು ದೊರೆತರೆ ಸಾಕು. ಧೈರ್ಯ ಕಲಿತು ಗಣಿಯ ಒಡೆಯನಾದ ಯೂನೋಬೊ ಕೂಡ ವಿಚಿತ್ರ ಮುಖವಾಡವೊಂದನ್ನು ಧರಿಸಿ, ಗತ್ತಿನಿಂದ ಎಲ್ಲರಿಗೂ ಅದನ್ನೇ ಹಂಚುತ್ತಿದ್ದಾನೆ. ಊರಿನಲ್ಲಿ ಮನಸ್ಸು ಸ್ಥಿಮಿತದಲ್ಲಿರುವವರೆಂದರೆ ಮಕ್ಕಳು. ಮುಖವಾಡವು ಒಡೆದ ಮೇಲೆ ಯೂನೋಬೊ ಎಚ್ಚೆತ್ತು, ಲಿಂಕನ ಜೊತೆಗೆ ಬೆಟ್ಟದ ಬಾಯೊಳಗೆ, ಪಾತಾಳದ ಅಗ್ನಿದೇಗುಲದವರೆಗೂ ಇಳಿದು, ಆ ವಿಷದ ಮೂಲವನ್ನು ನಾಶಮಾಡುವನು. ಇಲ್ಲಿ ಗಮನಿಸಬೇಕಾದುದೊಂದುಂಟು. ಬೆಂಕಿಯ ಮಳೆ, ಹಿಮ, ಸರ್ಪ ಇವುಗಳಲ್ಲಿ ಯಾವುದೂ ಈ ಜನರನ್ನು ಒಬ್ಬರಿಂದೊಬ್ಬರು ಅಗಲಿಸಲಿಲ್ಲ. ನಾಲಗೆಗೆ ಸವಿಯಾದ ಒಂದು ತುತ್ತು ಅಗಲಿಸಿತು. ಪರದೆಯ ಮುಂದೆ ಹೊತ್ತುಹೋದುದನ್ನು ಅರಿಯದೆ ಕುಳಿತ ಹುಡುಗನಿಗೆ ಈ ಕಥೆಯನ್ನು ಹೇಳುತ್ತಿರುವುದು ಅದೇ ಪರದೆ ಎಂಬುದು ಒಂದು ವಿಶೇಷ. ಆ ಹೊತ್ತಿನಲ್ಲಿ ತಂದೆಯೋ ತಾಯಿಯೋ ಹತ್ತಿರ ಕುಳಿತು, “ಆ ಕೆಂಪು ಕಲ್ಲು ನಮ್ಮ ಮನೆಯಲ್ಲಿ ಯಾವುದಪ್ಪಾ?” ಎಂದು ಸಹಜವಾಗಿ ಕೇಳಿದರೆ, ಬೈಗುಳಿಗಿಂತ ಹೆಚ್ಚಿನ ಕೆಲಸ ಆದೀತು.

ಅತಿಥಿಯನ್ನು ಸತ್ಕರಿಸುವವನ ಧರ್ಮವನ್ನು ನಮ್ಮ ಹಿರಿಯರು ವಿಸ್ತಾರವಾಗಿ ಹೇಳಿದ್ದಾರೆ. ಅತಿಥಿಯಾಗಿ ಹೋದವನ ಧರ್ಮವೇನೆಂಬುದನ್ನು ನಾವು ಅಷ್ಟಾಗಿ ಆಲೋಚಿಸುವುದಿಲ್ಲ. ಗೋರಾನರ ನಾಡಿನ ಸಂಚಾರವು ಅದನ್ನೇ ಕಲಿಸುವುದು. ಹಸಿದವರ ಊರಿಗೆ ಹೋದಾಗ ಮೊದಲು ಮನಸ್ಸನ್ನು ಹಗುರ ಮಾಡಬೇಕು. ದುಃಖಿಗಳ ಊರಿನಲ್ಲಿ ಅವರ ಜೋಗುಳವನ್ನೇ ಕಲಿಯಬೇಕು. ನಾಚಿ ಬಾಗಿಲು ಮುಚ್ಚಿದವರೊಡನೆ ಅವರ ಕಣದಲ್ಲಿಯೇ ನಿಲ್ಲಬೇಕು. ಅಂಜಿದವನ ಜೊತೆಗೆ ನಡೆಯಬೇಕು. ದಾರಿತಪ್ಪಿದ ಗೆಳೆಯನ ಮುಖವಾಡವನ್ನು ಒಡೆಯಲು ಹಿಂಜರಿಯಬಾರದು. ಇಷ್ಟನ್ನು ಮಾಡಿದವನಿಗೆ ಅವರು ಕೊಡುವುದು ‘ಸೋದರ’ ಎಂಬ ಒಂದು ಹೆಸರು, ಅದರ ಸಂಗಡ ಎಲುಬು ಮುರಿಯುವಂಥ ಒಂದು ಆಲಿಂಗನ.

ಮೃತ್ಯುಪರ್ವತಕ್ಕೆ ಹೋಗಬಯಸುವವರು ಹಲ್ಲಿಗೆ ಸಿಕ್ಕುವ ಊಟವನ್ನು ಮಾತ್ರ ತಮ್ಮೊಡನೆ ಕಟ್ಟಿಕೊಂಡು ಹೋಗತಕ್ಕದ್ದು; ಏಕೆಂದರೆ ಆ ಮನೆಗಳ ಔತಣದಲ್ಲಿ ಬಡಿಸುವುದು ಕಲ್ಲನ್ನೇ.